ಖಾಲಿ ಉಳಿದ ಚೌಕಗಳು: ದಿನಚರಿಯ ಗುರುತುಪಟ್ಟಿ ಇಟ್ಟವರ ಅನುಭವ

ಪ್ರಶ್ನೆ, ಬೆಂಗಳೂರಿನಿಂದ

ಎಲ್ಲರಿಗೂ ನಮಸ್ಕಾರ. ನಾನು ಖಾಸಗಿ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತಾ ಕೆಎಎಸ್ ಪರೀಕ್ಷೆಗೆ ಓದುತ್ತಿದ್ದೇನೆ. ದಿನಚರಿಯನ್ನು ಒಂದು ಹದಕ್ಕೆ ತರಬೇಕೆಂದು ಈ ವರ್ಷ ಮೂರು ಸಲ ಹ್ಯಾಬಿಟ್ ಟ್ರ್ಯಾಕರ್ ಆ್ಯಪ್, ಅಂದರೆ ಮಾಡಿದ ಅಭ್ಯಾಸಗಳಿಗೆ ದಿನಾ ಗುರುತು ಹಾಕುವ ಆ್ಯಪ್, ಹಾಕಿಕೊಂಡೆ. ಬೆಳಿಗ್ಗೆ ಐದಕ್ಕೆ ಏಳುವುದು, ನಡಿಗೆ, ಪ್ರಾಣಾಯಾಮ, ಪತ್ರಿಕೆ ಓದುವುದು, ಮೂರು ಲೀಟರ್ ನೀರು, ರಾತ್ರಿ ಹತ್ತರ ಮೇಲೆ ಮೊಬೈಲ್ ಮುಟ್ಟದಿರುವುದು, ಹೀಗೆ ಒಟ್ಟು ಹನ್ನೊಂದು ಅಭ್ಯಾಸಗಳನ್ನು ಬರೆದುಕೊಂಡಿದ್ದೆ. ಮೊದಲ ವಾರ ಎಲ್ಲವೂ ಹಸಿರಾಗಿರುತ್ತದೆ. ಒಂಬತ್ತನೆಯದೋ ಹತ್ತನೆಯದೋ ದಿನ ಯಾವುದಾದರೊಂದು ತಪ್ಪುತ್ತದೆ, ಸತತ ದಿನಗಳ ಎಣಿಕೆ ಸೊನ್ನೆಗೆ ಇಳಿಯುತ್ತದೆ, ಆಮೇಲೆ ಆ್ಯಪ್ ತೆರೆಯಲು ಮನಸ್ಸೇ ಬರುವುದಿಲ್ಲ. 21 ದಿನ ಬಿಡದೆ ಮಾಡಿದರೆ ಅಭ್ಯಾಸವಾಗುತ್ತದೆ ಎನ್ನುತ್ತಾರೆ, ಆದರೆ ನಾನು ಒಮ್ಮೆಯೂ ಅಲ್ಲಿಯವರೆಗೆ ತಲುಪಿಲ್ಲ. ಇಂಥ ಪಟ್ಟಿಯನ್ನು ಬಹಳ ಕಾಲ ಉಳಿಸಿಕೊಂಡವರು ಹೇಗೆ ಉಳಿಸಿಕೊಂಡಿರಿ ಎಂದು ದಯವಿಟ್ಟು ತಿಳಿಸಿ.

ಧಾರವಾಡದಿಂದ, ಪ್ರೌಢಶಾಲಾ ಶಿಕ್ಷಕಿ

ನಮಸ್ಕಾರ. ನಾನು ನಾಲ್ಕು ವರ್ಷಗಳಿಂದ ಗುರುತು ಹಾಕುತ್ತಿರುವುದು ಅಡುಗೆಮನೆಯ ಗೋಡೆಯಲ್ಲಿರುವ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ಮೇಲೆ. ನಮ್ಮ ಮನೆಯಲ್ಲಿ ಆ ಕ್ಯಾಲೆಂಡರು ಮೊದಲಿನಿಂದಲೂ ಲೆಕ್ಕದ ಪುಸ್ತಕವೇ ಆಗಿತ್ತು. ಹಾಲು ಹಾಕದ ದಿನ ಅಮ್ಮ ಆ ತಾರೀಖಿನ ಮೂಲೆಯಲ್ಲಿ 'ಇಲ್ಲ' ಎಂದು ಬರೆಯುತ್ತಿದ್ದರು, ಸಿಲಿಂಡರ್ ಹಚ್ಚಿದ ದಿನಕ್ಕೆ ಒಂದು ಗುರುತು, ನಳ ಬಂದ ದಿನಕ್ಕೆ 'ನೀರು' ಎಂಬ ಎರಡಕ್ಷರ. ಕ್ಯಾಲೆಂಡರಿನ ಮೊಳೆಗೆ ದಾರ ಕಟ್ಟಿದ ಒಂದು ತುಂಡು ಪೆನ್ಸಿಲ್ ಯಾವಾಗಲೂ ಅಲ್ಲೇ ನೇತಾಡುತ್ತಿರುತ್ತದೆ, ಆದ್ದರಿಂದ ಬರೆಯಲು ಏನನ್ನೂ ಹುಡುಕಬೇಕಾಗಿಲ್ಲ.

ಸಕ್ಕರೆ ಅಂಶ ಗಡಿಗೆ ಬಂದು ನಿಂತಿದೆ, ದಿನಾ ಅರ್ಧ ಗಂಟೆ ನಡೆಯಿರಿ ಎಂದು ವೈದ್ಯರು ಹೇಳಿದಾಗ ನಾನೂ ನಿಮ್ಮಂತೆಯೇ ಒಂದು ಚಂದದ ನೋಟ್‌ಬುಕ್ ತಂದು, ಸ್ಕೇಲಿಟ್ಟು ಗೆರೆ ಎಳೆದು, ಎಂಟು ಅಭ್ಯಾಸಗಳನ್ನು ಬರೆದೆ. ಎರಡು ವಾರಕ್ಕೆ ಅದು ಕಪಾಟು ಸೇರಿತು. ಆಮೇಲೆ ಏಳನ್ನು ಕೈಬಿಟ್ಟು ನಡಿಗೆಯೊಂದನ್ನೇ ಉಳಿಸಿಕೊಂಡೆ. ಸಂಜೆ ಚಹಾ ಕುಡಿದ ಕಪ್ಪನ್ನು ತೊಳೆಯಲು ಇಟ್ಟ ಕೂಡಲೇ ಚಪ್ಪಲಿ ಮೆಟ್ಟಬೇಕು, ಓಣಿಯ ತುದಿಯವರೆಗೆ ಹೋಗಿಬಂದರೂ ಸರಿ, ಚುಕ್ಕಿ ಇಡಬಹುದು ಎಂಬುದು ನನಗೆ ನಾನೇ ಹಾಕಿಕೊಂಡ ನಿಯಮ. 'ಸಂಜೆ ಆರಕ್ಕೆ' ಎಂದು ಬರೆದಿದ್ದಾಗ ಆರು ಗಂಟೆ ಹೇಗೆ ಕಳೆದುಹೋಯಿತೆಂದೇ ತಿಳಿಯುತ್ತಿರಲಿಲ್ಲ. ಚಹಾ ಮಾತ್ರ ಎಂದೂ ತಪ್ಪಿದ್ದಿಲ್ಲ, ಹಾಗಾಗಿ ಅದರ ಹಿಂದೆ ಕಟ್ಟಿದ ನಡಿಗೆಯೂ ನಿಂತಿತು.

ಇನ್ನು ಮುಖ್ಯ ಸಂಗತಿಗೆ ಬರುತ್ತೇನೆ. ಎರಡನೆಯ ತಿಂಗಳು ಮುಗಿದು ಹಾಳೆ ತಿರುವುವ ಮೊದಲು ಸುಮ್ಮನೆ ನೋಡಿದಾಗ ನಾಲ್ಕೈದು ತಾರೀಖುಗಳು ಚುಕ್ಕಿಯಿಲ್ಲದೆ ಉಳಿದಿದ್ದವು. ನನ್ನ ಸೋಮಾರಿತನವೇ ಕಾರಣವೆಂದು ಬಲವಾಗಿ ನಂಬಿದ್ದೆ. ಆದರೆ ಒಂದನ್ನು ಬಿಟ್ಟು ಉಳಿದೆಲ್ಲ ಖಾಲಿ ಚೌಕಗಳಲ್ಲಿ 'ನೀರು' ಎಂದು ಬರೆದಿತ್ತು! ನಮ್ಮ ಬಡಾವಣೆಗೆ ನಳದ ನೀರು ಬರುವುದು ಐದಾರು ದಿನಕ್ಕೊಮ್ಮೆ, ಅದೂ ಸಂಜೆಯ ಹೊತ್ತಿಗೆ. ಆ ದಿನ ಸಂಪು, ಡ್ರಮ್ಮು, ಕೊಡ ಎಲ್ಲವನ್ನೂ ತುಂಬಿಸುವುದರಲ್ಲಿ ಚಹಾದ ನಂತರದ ಹೊತ್ತು ಹೋಗಿಬಿಡುತ್ತಿತ್ತು. ನನ್ನ ಮೇಲೆ ನಾನು ಹೊರಿಸಿಕೊಂಡಿದ್ದ ದೋಷಕ್ಕೂ ಆ ಖಾಲಿ ಚೌಕಗಳಿಗೂ ಸಂಬಂಧವೇ ಇರಲಿಲ್ಲ. ಅಂದಿನಿಂದ ನೀರಿನ ದಿನ ಸಂಪು ತುಂಬುವವರೆಗೆ ಮಾಳಿಗೆಯ ಮೇಲೆ ಅತ್ತಿಂದಿತ್ತ ನಡೆಯುತ್ತೇನೆ, ನೀರು ಉಕ್ಕುವ ಸದ್ದು ಕೇಳಿದಾಗ ಕೆಳಗಿಳಿದು ಬರುತ್ತೇನೆ. ಆ ದಿನದ ಚುಕ್ಕಿಯೂ ಚುಕ್ಕಿಯೇ.

ಆದ್ದರಿಂದ ನನ್ನ ವಿನಂತಿ ಏನೆಂದರೆ, ತಪ್ಪಿದ ದಿನವನ್ನು ಕೆಂಪು ಚೌಕವಾಗಿ ಬಿಡಬೇಡಿ. ಅದರೊಳಗೆ ಕಾರಣವನ್ನು ಒಂದೇ ಶಬ್ದದಲ್ಲಿ ಬರೆಯಿರಿ. ನೀರು, ಜ್ವರ, ನೆಂಟರು, ಬೇಸರ, ಯಾವುದಿದ್ದರೂ ಇದ್ದಂತೆ ಬರೆಯಿರಿ. ಎರಡು ತಿಂಗಳಿಗೆ ಆ ಶಬ್ದಗಳು ನಿಮ್ಮ ದಿನ ಎಲ್ಲಿ ಮುರಿಯುತ್ತದೆ ಎಂಬುದನ್ನು ತಾವಾಗಿಯೇ ತೋರಿಸುತ್ತವೆ.

ಹಾಸನದಿಂದ, ಆಸ್ಪತ್ರೆಯಲ್ಲಿ ಶುಶ್ರೂಷಕಿ

ಮೇಡಂ ಬರೆದಿರುವುದನ್ನು ಒಪ್ಪುತ್ತೇನೆ. ಪಾಳಿ ಕೆಲಸದವರಿಗಾಗಿ ಒಂದು ಮಾತು ಸೇರಿಸುತ್ತೇನೆ. ನನಗೆ ಬೆಳಗಿನ, ಮಧ್ಯಾಹ್ನದ ಮತ್ತು ರಾತ್ರಿಯ ಪಾಳಿ ಸರದಿಯಲ್ಲಿ ಬರುತ್ತವೆ. ತಾರೀಖಿನ ಪ್ರಕಾರ ಗುರುತು ಹಾಕುವ ಯಾವ ಪಟ್ಟಿಯೂ ರಾತ್ರಿ ಪಾಳಿಯ ವಾರದಲ್ಲಿ ನನಗೆ ಹೊಂದುತ್ತಿರಲಿಲ್ಲ, ಏಕೆಂದರೆ ಒಂದೇ ಪಾಳಿ ಎರಡು ತಾರೀಖುಗಳಿಗೆ ಹರಡಿಕೊಳ್ಳುತ್ತದೆ ಮತ್ತು ನಾನು ಮಲಗುವುದೇ ಬೆಳಿಗ್ಗೆ ಹತ್ತಕ್ಕೆ. ಈಗ ಸಣ್ಣ ನೋಟ್‌ಬುಕ್ಕಿನಲ್ಲಿ ಒಂದು ನಿದ್ದೆಯಿಂದ ಇನ್ನೊಂದು ನಿದ್ದೆಯವರೆಗೆ ಒಂದು ಸಾಲು ಎಂದು ಇಟ್ಟುಕೊಂಡಿದ್ದೇನೆ, ತಾರೀಖನ್ನೇ ಬರೆಯುವುದಿಲ್ಲ. ಸಮವಸ್ತ್ರ ಬದಲಿಸಿ ಬಂದ ಮೇಲೆ ಗೋಡೆಗೆ ಕಾಲು ಚಾಚಿ ಹತ್ತು ನಿಮಿಷ ಮಲಗುವುದು ಮತ್ತು ಬೆನ್ನಿನ ವ್ಯಾಯಾಮ, ಇವೆರಡೇ ನನ್ನ ಪಟ್ಟಿಯಲ್ಲಿವೆ. ಗಡಿಯಾರ ಯಾವ ಹೊತ್ತು ತೋರಿಸಿದರೂ ಸಮವಸ್ತ್ರ ಕಳಚುವುದು ಇದ್ದೇ ಇರುತ್ತದೆ.

ಮೈಸೂರಿನಿಂದ, ನಿವೃತ್ತ ಉಪನ್ಯಾಸಕ

ಪ್ರಶ್ನೆ ಕೇಳಿದವರು 21 ದಿನಗಳ ಮಾತನ್ನು ಎತ್ತಿರುವುದರಿಂದ ಅದರ ಮೂಲವನ್ನು ಹೇಳುವುದು ಅಗತ್ಯವೆನಿಸುತ್ತದೆ. ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬವರು 1960ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಶಸ್ತ್ರಚಿಕಿತ್ಸೆಯಾದವರು ತಮ್ಮ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕನಿಷ್ಠ 21 ದಿನಗಳಾದರೂ ಬೇಕಾಗುತ್ತವೆ ಎಂದು ತಾವು ಕಂಡದ್ದನ್ನು ಬರೆದಿದ್ದರು. ಜನರ ಬಾಯಲ್ಲಿ 'ಕನಿಷ್ಠ' ಎಂಬ ಮಾತು ಬಿದ್ದುಹೋಗಿ, ಎಲ್ಲ ಅಭ್ಯಾಸಗಳಿಗೂ ಅದೇ ಗಡುವು ಎಂಬಂತಾಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು ಹನ್ನೆರಡು ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರತಿಯೊಬ್ಬರೂ ಒಂದೇ ಒಂದು ಕ್ರಿಯೆಯನ್ನು ಆರಿಸಿಕೊಂಡು ಅದನ್ನು ಉಪಾಹಾರದ ನಂತರ ಎಂಬಂತಹ ನಿತ್ಯದ ಸಂದರ್ಭಕ್ಕೆ ಜೋಡಿಸಿಕೊಂಡಿದ್ದರು. ಆ ಕ್ರಿಯೆ ಯೋಚಿಸದೆಯೇ ನಡೆಯುವ ಹಂತಕ್ಕೆ ಬರಲು ಒಬ್ಬೊಬ್ಬರಿಗೆ 18ರಿಂದ 254 ದಿನಗಳವರೆಗೆ ಬೇಕು ಎಂಬ ಅಂದಾಜು ಸಿಕ್ಕಿತು; ನಡುವಿನ ಲೆಕ್ಕ 66 ದಿನ. ಅದಕ್ಕಿಂತ ಮುಖ್ಯವಾಗಿ, ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಕೂಡುವುದಕ್ಕೆ ಹೇಳಿಕೊಳ್ಳುವಂತಹ ಧಕ್ಕೆಯಾಗಲಿಲ್ಲ. ಹತ್ತನೆಯ ದಿನ ನಿಮ್ಮ ಆ್ಯಪ್ ಸೊನ್ನೆ ತೋರಿಸಿದಾಗ ನಿಮ್ಮೊಳಗೆ ಆವರೆಗೆ ಕೂಡಿದ್ದು ಸೊನ್ನೆಯಾಗಿರಲಿಲ್ಲ ಎಂಬುದನ್ನು ದಯವಿಟ್ಟು ನಂಬಿ.

ಹನ್ನೊಂದು ಅಭ್ಯಾಸಗಳ ವಿಷಯದಲ್ಲಿ ನನಗೆ ನೆನಪಾಗುವುದು ಹದಿನೆಂಟನೆಯ ಶತಮಾನದ ಅಮೆರಿಕದ ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್. ಅವರು ಹದಿಮೂರು ಸದ್ಗುಣಗಳನ್ನು ಸಾಲಾಗಿ ಬರೆದು, ವಾರದ ಏಳು ದಿನಗಳಿಗೆ ಏಳು ಅಂಕಣ ಎಳೆದು, ತಪ್ಪಿದಾಗಲೆಲ್ಲ ಒಂದು ಕಪ್ಪು ಚುಕ್ಕೆ ಇಡುತ್ತಿದ್ದರು. ಪಟ್ಟಿಯಲ್ಲಿ ಹದಿಮೂರಿದ್ದರೂ ಒಂದು ವಾರದಲ್ಲಿ ಅವರ ಪೂರ್ಣ ಗಮನ ಒಂದರ ಮೇಲೆ ಮಾತ್ರ ಇರುತ್ತಿತ್ತು. ಹದಿಮೂರು ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು. ಅಳಿಸಿ ಅಳಿಸಿ ಕಾಗದ ತೂತಾದ ಮೇಲೆ, ಒದ್ದೆ ಸ್ಪಂಜಿನಿಂದ ಒರೆಸಬಹುದಾದ ದಂತದ ಹಾಳೆಗಳ ಮೇಲೆ ಗುರುತು ಹಾಕತೊಡಗಿದರಂತೆ. ಅಷ್ಟು ಮಾಡಿಯೂ ವಸ್ತುಗಳನ್ನೂ ಕೆಲಸಗಳನ್ನೂ ಕ್ರಮವಾಗಿಟ್ಟುಕೊಳ್ಳುವುದು ತಮಗೆ ಕೊನೆಯವರೆಗೂ ಕಷ್ಟವಾಗಿಯೇ ಉಳಿಯಿತೆಂದು ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ.

ಮಂಗಳೂರಿನಿಂದ, ಸಾಫ್ಟ್‌ವೇರ್ ಉದ್ಯೋಗಿ

ಆ್ಯಪ್ ಬೇಕೇ ಬೇಕು ಎನ್ನುವವರು ಸತತ ದಿನಗಳ ಎಣಿಕೆಯನ್ನಷ್ಟೇ ದೊಡ್ಡದಾಗಿ ತೋರಿಸುವುದನ್ನು ಆರಿಸಿಕೊಳ್ಳಬೇಡಿ. ನಾನು ಬಳಸುವುದು ಆಂಡ್ರಾಯ್ಡ್‌ನ ಲೂಪ್ ಹ್ಯಾಬಿಟ್ ಟ್ರ್ಯಾಕರ್. ಅದು ಉಚಿತ, ಮುಕ್ತ ಆಕರದ್ದು (ಓಪನ್ ಸೋರ್ಸ್), ಜಾಹೀರಾತಿಲ್ಲ. ಅದರಲ್ಲಿ ಅಭ್ಯಾಸದ ಬಲಕ್ಕೆ ಒಂದು ಅಂಕ ಇರುತ್ತದೆ, ಒಂದು ದಿನ ಬಿಟ್ಟರೆ ಆ ಅಂಕ ಸ್ವಲ್ಪ ಇಳಿಯುತ್ತದೆ, ಪೂರ್ತಿ ಕುಸಿಯುವುದಿಲ್ಲ. 'ವಾರಕ್ಕೆ ಮೂರು ಸಲ' ಎಂದೂ ಇಟ್ಟುಕೊಳ್ಳಬಹುದು. ಈಜಿಗೆ ನಾನು ಹಾಗೆಯೇ ಇಟ್ಟುಕೊಂಡಿದ್ದೇನೆ.

ಮತ್ತೆ ಬೆಂಗಳೂರಿನಿಂದ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಧಾರವಾಡದ ಮೇಡಂ, ಹನ್ನೊಂದರಲ್ಲಿ ಒಂದನ್ನೇ ಉಳಿಸಿಕೊಳ್ಳುವುದಾದರೆ ಯಾವುದನ್ನು ಉಳಿಸಲಿ? ಐದಕ್ಕೆ ಏಳುವುದೇ ಎಲ್ಲಕ್ಕೂ ಮೂಲವೆಂದು ನನಗೆ ತೋರುತ್ತದೆ. ಜೊತೆಗೆ ಇನ್ನೊಂದು ಸಂದೇಹ: ಅಭ್ಯಾಸ ಕೂಡಿದ ಮೇಲೂ ಜೀವನಪೂರ್ತಿ ಗುರುತು ಹಾಕುತ್ತಲೇ ಇರಬೇಕೇ?

ಧಾರವಾಡದಿಂದ

ಐದಕ್ಕೆ ಏಳುವುದು ಹಿಂದಿನ ರಾತ್ರಿಯ ಫಲ. ಬೆಳಿಗ್ಗೆ ಐದು ಗಂಟೆಗೆ ನಿಮ್ಮ ಕೈಯಲ್ಲಿ ಬಹಳ ಕಡಿಮೆ ಉಳಿದಿರುತ್ತದೆ. ಆದ್ದರಿಂದ ರಾತ್ರಿಯಿಂದ ಆರಂಭಿಸಿ. ಮೊದಲ ಹದಿನೈದು ದಿನ ಏನನ್ನೂ ಬದಲಿಸದೆ, ದೀಪ ಆರಿಸಿದ ಹೊತ್ತನ್ನು ಮಾತ್ರ ಕ್ಯಾಲೆಂಡರಿನಲ್ಲಿ ಬರೆಯಿರಿ. ಆ ಹೊತ್ತು ಹನ್ನೆರಡೂವರೆ ಎಂದು ಮತ್ತೆ ಮತ್ತೆ ಕಂಡರೆ ಐದರ ಅಲಾರಾಂ ನಿಮ್ಮ ನಿದ್ದೆಯನ್ನು ನಾಲ್ಕೂವರೆ ಗಂಟೆಗೆ ಇಳಿಸುತ್ತಿತ್ತು ಎಂದಾಗುತ್ತದೆ, ಓದಿದ್ದು ತಲೆಯಲ್ಲಿ ನಿಲ್ಲಲು ಅಷ್ಟು ನಿದ್ದೆ ಸಾಲದು. ಆಮೇಲೆ ಊಟದ ತಟ್ಟೆ ತೊಳೆದಿಟ್ಟ ಕೂಡಲೇ ಮೊಬೈಲನ್ನು ಬೇರೆ ಕೋಣೆಯಲ್ಲಿ ಚಾರ್ಜಿಗೆ ಹಾಕುವುದನ್ನು ನಿಮ್ಮ ಮೊದಲ ಚುಕ್ಕಿಯಾಗಿ ಇಟ್ಟುಕೊಳ್ಳಿ. ಅದು ಕೂಡಿಬರುವವರೆಗೆ ಉಳಿದ ಹತ್ತನ್ನೂ ಮಾಡಿದರೆ ಮಾಡಿ, ಆದರೆ ಬರೆಯಬೇಡಿ.

ಜೀವನಪೂರ್ತಿ ಬೇಕಿಲ್ಲ. ಚುಕ್ಕಿ ಇಡುವುದನ್ನು ಮರೆತ ದಿನವೂ ನಡಿಗೆ ತಪ್ಪಿಲ್ಲ ಎಂಬುದು ಒಂದು ತಿಂಗಳ ಕೊನೆಯಲ್ಲಿ ನನ್ನ ಗಮನಕ್ಕೆ ಬಂತು, ಆ ಯುಗಾದಿಯಿಂದ ಅದನ್ನು ಬರೆಯುವುದು ಬಿಟ್ಟೆ. ಈಗ ಅದೇ ಚೌಕದಲ್ಲಿ ಅಮ್ಮನ ರಾತ್ರಿಯ ಬಿಪಿ ಮಾತ್ರೆಗೆ ಚುಕ್ಕಿ ಇಡುತ್ತೇವೆ, ಪೆನ್ಸಿಲ್ ಹಿಡಿಯುವುದು ಅವರೇ.