ಅಕ್ಟೋಬರ್ 2ರ ಉದ್ದ ರಜೆ: ಅಮ್ಮ, ಮಗಳ ಜೊತೆ ಬೆಂಗಳೂರಿನಲ್ಲಿ ಮೂರು ದಿನ, ಸಲಹೆ ಬೇಕು

ಅಮ್ಮತ್ತಿಯ ಅಕ್ಕ

ಎಲ್ಲರಿಗೂ ನಮಸ್ಕಾರ. ಈ ಸಲ ಗಾಂಧಿ ಜಯಂತಿ ಶುಕ್ರವಾರ ಬಂದಿದೆ, ಶನಿವಾರ ಮಗಳಿಗೆ ಶಾಲೆ ಇಲ್ಲ. ತೋಟದಲ್ಲಿ ಈಗ ಅಂಥ ಅವಸರದ ಕೆಲಸವಿಲ್ಲ, ಕಾಫಿ ಕೊಯ್ಲಿಗೆ ಇನ್ನೂ ಸಮಯ ಇದೆ. ಮನೆ ನಾನು ನೋಡಿಕೊಳ್ಳುತ್ತೇನೆ ಎಂದು ಯಜಮಾನರು ಹೇಳಿದ್ದಾರೆ. ಹಾಗಾಗಿ ನಾನು, ಅಮ್ಮ, ಮಗಳು ಮೂವರೇ ಬೆಂಗಳೂರಿಗೆ ಹೋಗಿಬರೋಣ ಅಂತ ಇದ್ದೇವೆ.

ರಜೆ ಬಂದರೆ ಬೆಂಗಳೂರೇ ಕೊಡಗಿಗೆ ಬರುತ್ತದೆ, ನೀವ್ಯಾಕೆ ಅಲ್ಲಿಗೆ ಹೋಗುತ್ತೀರಿ ಅಂತ ನೆಂಟರೆಲ್ಲ ಕೇಳುತ್ತಿದ್ದಾರೆ. ನನಗೆ ಆ ಊರು ಇಷ್ಟ, ಅಷ್ಟೇ. ಕಾಲೇಜು ಓದಿದ್ದು, ಮೊದಲ ಕೆಲಸ ಮಾಡಿದ್ದು ಎಲ್ಲ ಅಲ್ಲೇ. ಮದುವೆಯಾಗಿ ಈ ಕಡೆ ಬಂದ ಮೇಲೆ ಬೆಂಗಳೂರು ಅಂದರೆ ಆಸ್ಪತ್ರೆ, ಯಾರದ್ದೋ ಮದುವೆ, ಇಲ್ಲವೇ ಯಾರನ್ನಾದರೂ ವಿಮಾನ ನಿಲ್ದಾಣಕ್ಕೆ ಬಿಡುವುದು, ಕೆಲಸ ಮುಗಿದ ತಕ್ಷಣ ವಾಪಸ್ ಬಸ್ಸು. ಸುಮ್ನೆ ಊರು ನೋಡಿಕೊಂಡು ಓಡಾಡಿ ತುಂಬಾ ಕಾಲ ಆಯಿತು, ಮಗಳಿಗಂತೂ ನನ್ನ ಬೆಂಗಳೂರು ಯಾವುದು ಅಂತಲೇ ಗೊತ್ತಿಲ್ಲ.

ಅಮ್ಮನಿಗೆ ಮಂಡಿ ನೋವು, ಜಾಸ್ತಿ ನಡೆಯಲು ಆಗುವುದಿಲ್ಲ. ಆದರೆ ಲಾಲ್‌ಬಾಗ್ ನೋಡಲೇಬೇಕಂತೆ, ಡಿಸೆಂಬರ್‌ನಲ್ಲಿ ಮನೆಯಲ್ಲೊಂದು ಮದುವೆ ಇದೆ, ಅದಕ್ಕೆ ಚಿಕ್ಕಪೇಟೆಯಲ್ಲಿ ಸೀರೆ ತೆಗೆಯಬೇಕಂತೆ. ಮಗಳು ಏಳನೇ ಕ್ಲಾಸು, ಅವಳಿಗೆ ಮೆಟ್ರೋ, ಮ್ಯೂಸಿಯಂ, ಪುಸ್ತಕದ ಅಂಗಡಿ. ನನಗೆ ಒಳ್ಳೆಯ ದೋಸೆ, ಸಾಧ್ಯವಾದರೆ ಒಂದು ನಾಟಕ. ಮಾಲ್ ಬೇಡ, ವಾಟರ್ ಪಾರ್ಕ್ ಬೇಡ.

ಎಲ್ಲಿ ಉಳಿದುಕೊಳ್ಳುವುದು? ಕಾರು ತೆಗೆದುಕೊಂಡು ಹೋಗುವುದಾ ಬಸ್ಸಾ? ಈ ಪಟ್ಟಿಯಲ್ಲಿ ಯಾವುದನ್ನು ಬಿಡಬೇಕು? ಮೂರೂ ದಿನ ಟ್ರಾಫಿಕ್‌ನಲ್ಲಿ ಕೂತು ಕಳೆಯಬಾರದು, ಅದೊಂದೇ ನನ್ನ ಆಸೆ.

ಬಸವನಗುಡಿ ವಾಸಿ, ಊರು ಮಡಿಕೇರಿ

ಅಕ್ಕ, ಮೊದಲು ಒಂದು ಮಾತು. ನಿಮ್ಮ ನೆಂಟರು ಹೇಳುವುದು ನಿಜ, ಆದರೆ ಬೆಂಗಳೂರಿಗೆ ಹೋಗಲು ಅದೇ ಒಳ್ಳೆಯ ಕಾರಣ. ಮೂರು ದಿನ ರಜೆ ಸಿಕ್ಕಿದರೆ ಇಲ್ಲಿನ ಆಫೀಸಿನವರು, ಹಾಸ್ಟೆಲ್ ಹುಡುಗರು ಎಲ್ಲ ಊರು ಬಿಡುತ್ತಾರೆ. ಶುಕ್ರವಾರ ಬೆಳಗ್ಗೆ ನಮ್ಮ ರಸ್ತೆಗಳಲ್ಲಿ ಮರದ ನೆರಳು ಕಾಣಿಸುತ್ತದೆ, ಹಕ್ಕಿ ಕೂಗುವುದು ಕೇಳಿಸುತ್ತದೆ. ನಾನು ಇಷ್ಟು ವರ್ಷ ಇಲ್ಲಿದ್ದು ಈ ಊರನ್ನು ಪ್ರೀತಿಸಿದ್ದರೆ ಅದು ಇಂಥ ರಜೆಗಳಿಂದಲೇ. ಧೈರ್ಯವಾಗಿ ಬನ್ನಿ.

ಉಳಿದುಕೊಳ್ಳುವುದು ಬಸವನಗುಡಿ ಅಥವಾ ಜಯನಗರದ ಕಡೆ, ಹಸಿರು ಮಾರ್ಗದ ಯಾವುದಾದರೂ ಮೆಟ್ರೋ ನಿಲ್ದಾಣಕ್ಕೆ ಹತ್ತಿರ. ರೂಮು ದೊಡ್ಡದಿರಲಿ ಚಿಕ್ಕದಿರಲಿ, ನಿಲ್ದಾಣ ಹತ್ತಿರ ಇರಬೇಕು, ಲಿಫ್ಟ್ ಇರಬೇಕು. ಫೋನ್ ಮಾಡಿ ಲಿಫ್ಟ್ ಕೆಲಸ ಮಾಡುತ್ತಾ ಅಂತ ಕೇಳಿ. ಲಾಲ್‌ಬಾಗ್, ನ್ಯಾಷನಲ್ ಕಾಲೇಜು, ಮಾರುಕಟ್ಟೆ, ಚಿಕ್ಕಪೇಟೆ, ಮೆಜೆಸ್ಟಿಕ್ ಎಲ್ಲ ಒಂದೇ ಮಾರ್ಗದಲ್ಲಿ ಸಾಲಾಗಿ ಬರುತ್ತವೆ. ನಿಮ್ಮ ಪಟ್ಟಿಯ ಅರ್ಧ ಅಲ್ಲೇ ಮುಗಿಯಿತು.

ಲಾಲ್‌ಬಾಗ್ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ತುಂಬಾ ಜನ ಗಾಜಿನ ಮನೆ ಮುಂದೆ ಫೋಟೋ ತೆಗೆದುಕೊಂಡು ಹೊರಗೆ ಬಂದುಬಿಡುತ್ತಾರೆ. 240 ಎಕರೆ ಜಾಗ ಅದು. 1760ರಲ್ಲಿ ಹೈದರಾಲಿ ಶುರು ಮಾಡಿದ ತೋಟ, ಆಮೇಲೆ ಟಿಪ್ಪು ಬೆಳೆಸಿದ. ಗಾಜಿನ ಮನೆಗೆ ಅಡಿಗಲ್ಲು ಹಾಕಿದ್ದು 1889ರಲ್ಲಿ. ತೋಟದವರಾದ ನಮಗೆ ಅಲ್ಲಿನ ಮರಗಳೇ ಸಾಕು, ಬುಡದ ಬೇರುಗಳೇ ಗೋಡೆಯ ಹಾಗೆ ಎದ್ದು ನಿಂತಿರುವ ಒಂದು ಹಳೆಯ ಬೂರುಗದ ಮರ ಇದೆ, ಅಮ್ಮನಿಗೆ ಅದನ್ನು ತಪ್ಪದೆ ತೋರಿಸಿ. ಮಗಳನ್ನು ಬಂಡೆಯ ಮೇಲೆ ಕರೆದುಕೊಂಡು ಹೋಗಿ. ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿ ಫಲಕ ಹಾಕಿದೆ. ತುದಿಯಲ್ಲಿ ಕೆಂಪೇಗೌಡರ ಗೋಪುರ. ಮೇಲೆ ನಿಂತರೆ ಊರು ಸುತ್ತಲೂ ಕಾಣುತ್ತದೆ. ಅಮ್ಮ ಹತ್ತುವುದು ಬೇಡ, ಕೆಳಗೆ ಕಲ್ಲುಬೆಂಚು ಇದೆ. ಒಳಗೆ ಓಡಾಡಲು ಬ್ಯಾಟರಿ ಗಾಡಿಯೂ ಇರುತ್ತದೆ, ಬಾಗಿಲಲ್ಲೇ ವಿಚಾರಿಸಿ. ಹೂವಿನ ಪ್ರದರ್ಶನ ಜನವರಿ ಮತ್ತು ಆಗಸ್ಟ್‌ನಲ್ಲಿ. ಈಗ ಅದಿಲ್ಲ, ನಿಮಗೆ ಅದೇ ಲಾಭ, ನೂಕುನುಗ್ಗಲು ಇರುವುದಿಲ್ಲ. ಆದರೂ ರಜಾದಿನ, ಬೆಳಗ್ಗೆ ಏಳು ಗಂಟೆಯೊಳಗೆ ಒಳಗೆ ಇರಿ.

ದೋಸೆ ವಿಷಯ. ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ! ಮೊದಲ ದಿನವೇ ಅಲ್ಲಿಗೆ ಹೋಗಿ ನಿಂತು ಬೇಸರ ಮಾಡಿಕೊಳ್ಳಬೇಡಿ. 1943ರಿಂದ ಇರುವ ಜಾಗ, ಶನಿವಾರ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಶುಕ್ರವಾರ ಲಾಲ್‌ಬಾಗ್ ಮುಗಿಸಿ ಎಂಟಿಆರ್‌ಗೆ ಹೋಗಬಹುದು. 1924ರ ಹೋಟೆಲು, ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೇ ಇದ್ದಾಗ ರವೆ ಇಡ್ಲಿ ಹುಟ್ಟಿದ್ದು ಅಲ್ಲೇ. ಕಾಯಬೇಕಾಗುತ್ತದೆ, ಅಮ್ಮನಿಗೆ ಕೂರಲು ಕುರ್ಚಿ ಕೇಳಿ.

ಇನ್ನೊಂದು, ಗಾಂಧಿ ಜಯಂತಿ ದಿನ ಬೆಂಗಳೂರಿನಲ್ಲಿ ಮಾಂಸ ಮಾರಾಟ ಇರುವುದಿಲ್ಲ. ಮಿಲಿಟರಿ ಹೋಟೆಲ್ ಊಟದ ಆಸೆ ಇದ್ದರೆ ಶನಿವಾರ, ಭಾನುವಾರಕ್ಕೆ ಇಟ್ಟುಕೊಳ್ಳಿ.

ಕುಶಾಲನಗರ ಸ್ಟೇರಿಂಗ್

ಕಾರು ಬೇಡ ಮೇಡಂ. ನಾನು ಟ್ಯಾಕ್ಸಿ ಓಡಿಸುವವನು, ಬಾಡಿಗೆ ಸಿಗುತ್ತೆ ಅಂತ ಆಸೆಗೆ ಹೇಳಬೇಕಾದವನೇ ಬೇಡ ಅನ್ನುತ್ತಿದ್ದೇನೆ. ಹೋಗುವಾಗ ತೊಂದರೆ ಇಲ್ಲ. ಗುರುವಾರ ಸಂಜೆಯಿಂದ ಶುಕ್ರವಾರ ಮಧ್ಯಾಹ್ನದವರೆಗೆ ಗಾಡಿಗಳೆಲ್ಲ ಬೆಂಗಳೂರಿನಿಂದ ಈ ಕಡೆ ಬರುತ್ತವೆ, ನೀವು ಎದುರು ದಿಕ್ಕು. ಭಾನುವಾರ ಅವರೆಲ್ಲ ವಾಪಸ್, ಆಗಲೂ ನೀವು ಎದುರು ದಿಕ್ಕು. ಆದರೆ ಊರೊಳಗೆ ಕಾರು ಇಟ್ಟುಕೊಂಡು ಏನು ಮಾಡುತ್ತೀರಿ? ಚಿಕ್ಕಪೇಟೆಯಲ್ಲಿ ನಿಲ್ಲಿಸಲು ಜಾಗ ಇಲ್ಲ, ಗಾಂಧಿ ಬಜಾರಿನಲ್ಲೂ ಕಷ್ಟ.

ಗೋಣಿಕೊಪ್ಪದಿಂದ ತಿತಿಮತಿ, ಹುಣಸೂರು ಮೇಲೆ ಮೈಸೂರಿಗೆ ಬಸ್ಸು. ಅಲ್ಲಿಂದ ರೈಲು ಹಿಡಿಯಿರಿ. ನಮ್ಮ ಜಿಲ್ಲೆಗೆ ರೈಲು ಇಲ್ಲದೇ ಇರುವುದರಿಂದ ಮಕ್ಕಳಿಗೆ ರೈಲಿನಲ್ಲಿ ಕೂರುವುದೇ ಅರ್ಧ ಪ್ರವಾಸ. ಮೆಜೆಸ್ಟಿಕ್ ಪಕ್ಕದ ರೈಲು ನಿಲ್ದಾಣದಲ್ಲಿ ಇಳಿದರೆ ಮೆಟ್ರೋ ಅಲ್ಲೇ. ಸೀಟು ಮಾತ್ರ ಮೊದಲೇ ಬುಕ್ ಮಾಡಿ.

ಬದಲಾಯಿಸುವುದು ಬೇಡ ಅಂದರೆ ಬೆಂಗಳೂರಿಗೇ ನೇರ ಬಸ್ಸು. ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಲ್ಲಿ ಇಳಿಯಿರಿ, ಮೆಜೆಸ್ಟಿಕ್‌ವರೆಗೆ ಬಸ್ಸಿನಲ್ಲೇ ತೆವಳುವುದು ಬೇಡ. ಅಲ್ಲಿಗೆ ದೀಪಾಂಜಲಿ ನಗರ ಮೆಟ್ರೋ ಹತ್ತಿರ, ನೇರಳೆ ಮಾರ್ಗ. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಬೇಕು, ಲಿಫ್ಟ್ ಇದೆ. ಕೆಂಪು ಬಸ್ಸಿನಲ್ಲಿ ನಿಮ್ಮ ಮೂವರಿಗೂ ಟಿಕೆಟ್ ದುಡ್ಡಿಲ್ಲ, 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆಯಲ್ಲ, ಆಧಾರ್ ಇಟ್ಟುಕೊಳ್ಳಿ. ರಾಜಹಂಸ, ಐರಾವತಕ್ಕೆ ಅದು ನಡೆಯುವುದಿಲ್ಲ. ಅಮ್ಮನ ಮಂಡಿ ನೋಡಿದರೆ ದುಡ್ಡು ಕೊಟ್ಟಾದರೂ ಕಾಲು ಚಾಚುವ ಸೀಟಿನಲ್ಲಿ ಹೋಗುವುದೇ ಸರಿ.

ಕಕ್ಕಬ್ಬೆ ಹೋಂಸ್ಟೇ

ನೀವು ಹೋಗುವುದನ್ನು ನೋಡಿ ಖುಷಿಯಾಯಿತು ಅಕ್ಕ. ನಮಗೆ ಇಂಥ ರಜೆಯಲ್ಲಿ ಗೇಟು ದಾಟಲು ಆಗುವುದಿಲ್ಲ, ಎಲ್ಲ ರೂಮು ಭರ್ತಿ. ನಾವು ಬೆಂಗಳೂರಿಗೆ ಹೋಗುವುದು ಜೂನ್ ಜುಲೈ ಮಳೆಯಲ್ಲಿ, ವಾರದ ಮಧ್ಯೆ.

ಸೀರೆ ಬಗ್ಗೆ ಹೇಳಲು ಬಂದೆ. ಚಿಕ್ಕಪೇಟೆಗೆ ಶನಿವಾರವೇ ಹೋಗಿ. ಭಾನುವಾರ ಬಹಳಷ್ಟು ಅಂಗಡಿ ಮುಚ್ಚಿರುತ್ತವೆ, ಶುಕ್ರವಾರ ಸರ್ಕಾರಿ ರಜೆ, ನಂಬಿಕೊಂಡು ಹೋಗುವ ಹಾಗಿಲ್ಲ. ಮೆಟ್ರೋ ಇಳಿದ ಮೇಲೆ ಗಲ್ಲಿಗಳಲ್ಲಿ ನಡೆಯಲೇಬೇಕು, ಮೇಲೆ ನೋಡಿದರೆ ತಂತಿ, ಕೆಳಗೆ ನೋಡಿದರೆ ಕೈಗಾಡಿ. ಅಮ್ಮನನ್ನು ಅಂಗಡಿಯಿಂದ ಅಂಗಡಿಗೆ ಅಲೆಸಬೇಡಿ. ಮದುವೆ ಸೀರೆ ಇಟ್ಟಿರುವ ಒಂದು ದೊಡ್ಡ ಅಂಗಡಿಯಲ್ಲಿ ಚಾಪೆ ಮೇಲೆ ಅವರನ್ನು ಕೂರಿಸಿ, ಸೀರೆಗಳು ಅವರ ಮುಂದೆ ಬರಲಿ. ಕೂರಲು ಆಗದಿದ್ದರೆ ಸ್ಟೂಲ್ ಕೊಡುತ್ತಾರೆ. ನಾವು ನೆರಿಗೆ ಹಿಂದಕ್ಕೆ ಬರುವಂತೆ ಉಡುವವರು, ತುಂಬಾ ದಪ್ಪ ಜರಿ ಇದ್ದರೆ ನೆರಿಗೆ ಕೂರುವುದಿಲ್ಲ. ಅಂಗಡಿಯವರು ಹೊಳಪು ತೋರಿಸುತ್ತಾರೆ. ನೀವು ಬಿಚ್ಚಿ, ಕೈಯಲ್ಲಿ ನೆರಿಗೆ ಹಿಡಿದು ನೋಡಿ ತೆಗೆಯಿರಿ. ರೇಷ್ಮೆ ಅಂತ ಹೇಳಿದರೆ ಸಿಲ್ಕ್ ಮಾರ್ಕ್ ಚೀಟಿ ಕೇಳಿ.

ಕಬ್ಬನ್ ಪಾರ್ಕ್ ಪ್ರಿಯೆ

ಮೇಲಿನ ಅಣ್ಣ ದಕ್ಷಿಣ ಬೆಂಗಳೂರಿನವರು, ಬಸವನಗುಡಿ ಬಿಟ್ಟು ಹೊರಗೆ ಬರುವುದಿಲ್ಲ. ನನ್ನ ಪ್ರಕಾರ ಭಾನುವಾರ ಪೂರ್ತಿ ಕಬ್ಬನ್ ಪಾರ್ಕ್ ಕಡೆಗೆ ಕೊಡಬೇಕು. ಮಗಳ ಪಟ್ಟಿ ಇಡೀ ಅಲ್ಲಿದೆ.

ಭಾನುವಾರ ಪಾರ್ಕ್ ಒಳಗೆ ವಾಹನ ಬಿಡುವುದಿಲ್ಲ. ರಸ್ತೆಯ ಮಧ್ಯದಲ್ಲೇ ಮಕ್ಕಳು ಸೈಕಲ್ ಹೊಡೆಯುತ್ತಿರುತ್ತಾರೆ. ಹೈಕೋರ್ಟಿನ ಕೆಂಪು ಕಟ್ಟಡ, ಎದುರಿಗೆ ವಿಧಾನಸೌಧ, ಎರಡನ್ನೂ ಒಂದೇ ಜಾಗದಲ್ಲಿ ನಿಂತು ನೋಡಬಹುದು. ಅಲ್ಲಿಂದ ಕಸ್ತೂರ್ಬಾ ರಸ್ತೆಗೆ ಬಂದರೆ ವಿಶ್ವೇಶ್ವರಯ್ಯ ಮ್ಯೂಸಿಯಂ. 1962ರಲ್ಲಿ ನೆಹರೂ ಉದ್ಘಾಟಿಸಿದ್ದು. ಏಳನೇ ಕ್ಲಾಸಿನ ಹುಡುಗಿಗೆ ಅದಕ್ಕಿಂತ ಒಳ್ಳೆಯ ಜಾಗ ಬೆಂಗಳೂರಿನಲ್ಲಿ ಇಲ್ಲ, ಇದನ್ನು ನಾನು ಖಂಡಿತವಾಗಿ ಹೇಳುತ್ತೇನೆ. ಬಟನ್ ಒತ್ತಿ, ಚಕ್ರ ತಿರುಗಿಸಿ ಕಲಿಯುವಂಥದ್ದು. ರೈಟ್ ಸಹೋದರರ ವಿಮಾನದ ಮಾದರಿ ಇದೆ, ಅದರ ಮುಂದೆ ನಿಂತ ಮಕ್ಕಳು ಬೇಗ ಕದಲುವುದಿಲ್ಲ. ಅದೇ ರಸ್ತೆಯಲ್ಲಿ 2023ರಲ್ಲಿ ಶುರುವಾದ ಮ್ಯಾಪ್ ಎಂಬ ಕಲಾ ಮ್ಯೂಸಿಯಂ ಇದೆ, ಅದು ತಂಪಾಗಿದೆ, ಲಿಫ್ಟ್ ಇದೆ, ಅಮ್ಮನಿಗೆ ಸುಸ್ತಾಗುವುದಿಲ್ಲ. ಎರಡನ್ನೂ ಒಂದೇ ದಿನ ಮಾಡಬೇಡಿ ಅನ್ನುತ್ತೇನೆ, ಮಗಳು ಯಾವುದು ಕೇಳುತ್ತಾಳೋ ಅದು.

ಆಮೇಲೆ ಚರ್ಚ್ ಸ್ಟ್ರೀಟ್. ಬ್ಲಾಸಮ್, ಬುಕ್‌ವರ್ಮ್ ಎರಡೂ ಅಲ್ಲೇ, ಹಳೆಯ ಪುಸ್ತಕ ಕಡಿಮೆ ಬೆಲೆಗೆ ಸಿಗುತ್ತವೆ. ಎಂ.ಜಿ. ರಸ್ತೆ ಮೆಟ್ರೋದಿಂದ ನಡೆದರೆ ಆಯಿತು. ಭಾನುವಾರ ಬೆಳಗ್ಗೆ ಮೆಟ್ರೋ ಏಳು ಗಂಟೆಗೆ ಶುರು, ಬೇರೆ ದಿನದ ಹಾಗೆ ಐದಕ್ಕಲ್ಲ, ಅದು ನೆನಪಿರಲಿ. ಅಕ್ಟೋಬರ್ ಸಂಜೆ ಮಳೆ ಇಲ್ಲಿ ನಮ್ಮ ಊರಿನ ಹಾಗೆ ದಿನವಿಡೀ ಹಿಡಿಯುವುದಿಲ್ಲ, ಒಂದೇ ಸಲ ಸುರಿದು ರಸ್ತೆ ತುಂಬಿಸುತ್ತದೆ. ಮಳೆ ಬಂದಾಗ ಆಟೋ ಹುಡುಕಬೇಡಿ, ಎಲ್ಲಾದರೂ ಕಾಫಿ ಕುಡಿಯುತ್ತಾ ಕೂತುಬಿಡಿ.

ಬಸವನಗುಡಿ ವಾಸಿ, ಊರು ಮಡಿಕೇರಿ

ಕಬ್ಬನ್ ಪಾರ್ಕ್ ಭಾನುವಾರಕ್ಕೆ ಒಪ್ಪಿದೆ ತಂಗಿ. ಆದರೆ ಶನಿವಾರ ಸಂಜೆ ನನಗೆ ಬಿಡಿ. ಸೀರೆ ಮುಗಿಸಿ ಅಮ್ಮ ರೂಮಿನಲ್ಲಿ ಮಲಗಿ ಏಳಲಿ. ಸಂಜೆ ದೊಡ್ಡ ಗಣಪತಿ, ದೊಡ್ಡ ಬಸವಣ್ಣ, ಪಕ್ಕದಲ್ಲೇ ಬ್ಯೂಗಲ್ ರಾಕ್ ಪಾರ್ಕು. ಆಮೇಲೆ ಗಾಂಧಿ ಬಜಾರಿನ ಹೂವಿನ ಅಂಗಡಿಗಳು, ವಿ.ವಿ. ಪುರಂ ತಿಂಡಿ ಬೀದಿ. ತಿಂಡಿ ಬೀದಿಯಲ್ಲಿ ಶನಿವಾರ ಕಾಲಿಡಲು ಜಾಗ ಇರುವುದಿಲ್ಲ, ಅಮ್ಮನಿಗೆ ಅದು ಬೇಡ. ಮಗಳಿಗೆ ಬೇಕಾದರೆ ಒಂದು ಹೋಳಿಗೆ ಕಟ್ಟಿಸಿಕೊಂಡು ಬನ್ನಿ.

ಅಮ್ಮತ್ತಿಯ ಅಕ್ಕ

ಎಲ್ಲರೂ ಇಷ್ಟು ಮನಸ್ಸಿಟ್ಟು ಬರೆದಿದ್ದೀರಿ, ತುಂಬಾ ಥ್ಯಾಂಕ್ಸ್. ಅಮ್ಮನಿಗೆ ಎಲ್ಲ ಓದಿ ಹೇಳಿದೆ, ಬೂರುಗದ ಮರದ ಹತ್ತಿರ ಎಷ್ಟು ದೂರ ನಡೆಯಬೇಕು ಅಂತ ಈಗಿನಿಂದಲೇ ಕೇಳುತ್ತಿದ್ದಾರೆ. ಹೋಗುವಾಗ ಮೈಸೂರಿನಿಂದ ರೈಲು, ಬರುವಾಗ ಬಸ್ಸು ಅಂತ ಆಯಿತು. ಜಯನಗರದಲ್ಲಿ ಲಿಫ್ಟ್ ಇರುವ ರೂಮು ಸಿಕ್ಕಿದೆ. ಶುಕ್ರವಾರ ಬೆಳಗ್ಗೆ ಏಳಕ್ಕೆ ಲಾಲ್‌ಬಾಗ್‌ನಲ್ಲಿರಬೇಕು ಅಂದರೆ ಗುರುವಾರವೇ ಹೊರಡಬೇಕು, ಮಗಳ ಶಾಲೆ ಬಿಟ್ಟ ತಕ್ಷಣ ಹೊರಡುತ್ತೇವೆ.

ನಾಟಕ ಒಂದು ಉಳಿಯಿತು. ರಂಗಶಂಕರಕ್ಕೆ ಮಗಳನ್ನೂ ಕರೆದುಕೊಂಡು ಹೋಗಬಹುದಾ? ಶುಕ್ರವಾರ ರಾತ್ರಿ ಅಂದುಕೊಂಡಿದ್ದೇನೆ.

ಕಬ್ಬನ್ ಪಾರ್ಕ್ ಪ್ರಿಯೆ

ಆರಾಮಾಗಿ ಕರೆದುಕೊಂಡು ಹೋಗಿ ಅಕ್ಕ, ಆದರೆ ಯಾವ ನಾಟಕ, ಎಷ್ಟು ವಯಸ್ಸಿನವರಿಗೆ ಅಂತ ಟಿಕೆಟ್ ತೆಗೆಯುವಾಗ ನೋಡಿಕೊಳ್ಳಿ. ಶಂಕರ್ ನಾಗ್ ನೆನಪಿಗೆ ಅರುಂಧತಿ ನಾಗ್ ಕಟ್ಟಿಸಿದ ರಂಗಮಂದಿರ, 2004ರಿಂದ ನಡೆಯುತ್ತಿದೆ, ಮಾತು ಕೊನೆಯ ಸಾಲಿನವರೆಗೂ ಸ್ಪಷ್ಟವಾಗಿ ಕೇಳುತ್ತದೆ. ಮೈಕಿನ ಸದ್ದಿಲ್ಲದೆ ನಟರ ಉಸಿರು ಕೇಳಿಸಿಕೊಂಡ ಮಗುವಿಗೆ ಅದು ಮರೆಯುವುದಿಲ್ಲ. ಸಾಮಾನ್ಯವಾಗಿ ರಾತ್ರಿ ಏಳೂವರೆಗೆ ಶುರು. ಒಂದು ನಿಮಿಷ ತಡವಾದರೂ ಒಳಗೆ ಬಿಡುವುದಿಲ್ಲ, ಯಾರಾದರೂ ಸರಿ. ಜಯನಗರದಿಂದ ಆಟೋದಲ್ಲಿ ಹತ್ತಿರವೇ, ಆದರೂ ಆರೂಮುಕ್ಕಾಲಿಗೆ ಅಲ್ಲಿರಿ, ಕೆಳಗಿನ ಕ್ಯಾಂಟೀನಿನಲ್ಲಿ ಅಮ್ಮನನ್ನು ಕೂರಿಸಿ ಏನಾದರೂ ತಿನ್ನಿಸಿ. ಮೆಟ್ಟಿಲು ಹತ್ತಬೇಕಾಗುತ್ತದೆ, ಮಂಡಿ ನೋವು ಅಂತ ಬಾಗಿಲಲ್ಲಿರುವವರಿಗೆ ಮೊದಲೇ ಹೇಳಿಬಿಡಿ.