ವರದಿಗಳೆಲ್ಲ ಸಹಜ, ಕಾಲಿನ ಜೋಮು ಮಾತ್ರ ಬಿಡುತ್ತಿಲ್ಲ

ಸೀಮೆಸುಣ್ಣ:
ನನಗೆ 41 ವರ್ಷ, ಗಣಿತದ ಶಿಕ್ಷಕಿ. ಐದು ತಿಂಗಳ ಹಿಂದೆ ತರಗತಿಯಲ್ಲಿ ಹಲಗೆಯ ಮೇಲೆ ವರ್ಗಮೂಲದ ಚಿಹ್ನೆ ಎಳೆಯುತ್ತಿದ್ದಾಗ ಸೀಮೆಸುಣ್ಣ ಕೈಯಿಂದ ಜಾರಿತು. ಜಾರಿದ್ದು ಕಣ್ಣಿಗೆ ಕಂಡಿತೇ ಹೊರತು ಬೆರಳಿಗೆ ತಿಳಿಯಲಿಲ್ಲ. ಮಕ್ಕಳು ನಕ್ಕರು, ನಾನೂ ನಕ್ಕೆ. ಬಗ್ಗಿ ಎತ್ತಿಕೊಳ್ಳುವಷ್ಟರಲ್ಲಿ ಎದೆಯೊಳಗೆ ಮೀನು ಹೊರಳಿದ ಹಾಗಾಯಿತು, ಬೆನ್ನಿಗೇ ಡವಡವ ಶುರುವಾಯಿತು. ಮೇಜು ಹಿಡಿದು ನಿಂತೆ. ಹತ್ತು ನಿಮಿಷದಲ್ಲಿ ಎಲ್ಲ ಮಾಯ.

ಅಂದಿನಿಂದ ವಾರಕ್ಕೆ ಎರಡು ಮೂರು ಸಲ ಎದೆ ಹೀಗೆ ಕುಣಿಯುತ್ತದೆ. ಆಗಾಗ ಎಡ ಪಕ್ಕೆಯಲ್ಲಿ ಒಂದು ಛಳಕು. ಮೊದಲು ಬಂದು ಹೋಗುತ್ತಿದ್ದ ಜೋಮು ಈಗ ಎರಡೂ ಅಂಗಾಲುಗಳಲ್ಲಿ ಮನೆ ಮಾಡಿದೆ. ಬರಿಗಾಲಲ್ಲಿ ನಡೆದರೂ ದಪ್ಪ ಕಾಲುಚೀಲ ಹಾಕಿಕೊಂಡಂತೆ. ಇನ್ನೊಂದು ಸಣ್ಣ ವಿಷಯ, ಸಂಬಂಧವಿದೆಯೋ ಇಲ್ಲವೋ: ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದರೆ ಮುಂದಕ್ಕೆ ವಾಲುತ್ತೇನೆ. ಈಗ ಒಂದು ಕೈಯಲ್ಲಿ ನಲ್ಲಿ ಹಿಡಿದುಕೊಂಡೇ ಮುಖ ತೊಳೆಯುವುದು ರೂಢಿಯಾಗಿಬಿಟ್ಟಿದೆ.

ಇಸಿಜಿ ಎರಡು ಬಾರಿ, ಹೃದಯದ ಎಕೋ ಸ್ಕ್ಯಾನ್, ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ನೋಡುವ ಟ್ರೋಪೋನಿನ್ ರಕ್ತಪರೀಕ್ಷೆ, ಥೈರಾಯ್ಡ್, ಮೆದುಳಿನ ಎಂಆರ್‌ಐ ಎಲ್ಲ ಆಗಿವೆ. ಎಲ್ಲವೂ ಸಹಜ. ಮೂರನೆಯ ವೈದ್ಯರು ಕಡತವನ್ನು ಬಿಚ್ಚದೆಯೇ "ಮನಸ್ಸಿಗೆ ಹಚ್ಚಿಕೊಳ್ಳಬೇಡಿ" ಎಂದು ಕಳುಹಿಸಿದರು. ಸಮೀಕರಣದ ಒಂದು ಬದಿಯಲ್ಲಿ ಸೊನ್ನೆ ಬಂತೆಂದು ಇನ್ನೊಂದು ಬದಿಯನ್ನು ಅಳಿಸಿಬಿಡಲು ಆಗುತ್ತದೆಯೇ? ಸಮಾಧಾನ ಹೇಳುವುದು ಬೇಡ. ಮುಂದೆ ಯಾವ ಪ್ರಶ್ನೆ ಕೇಳಬೇಕು, ಅದನ್ನು ಹೇಳಿ.

ಎರಡನೇ ಬಡಿತ:
ಅಕ್ಕ, ಎದೆಯ ವಿಚಾರ ಮಾತ್ರ ಹೇಳುತ್ತೇನೆ, ಅದು ನನಗೆ ಗೊತ್ತಿರುವ ನೋವು. ನಾಲ್ಕು ವರ್ಷ ನನಗೂ "ಆತಂಕ" ಎಂದೇ ಬರೆದುಕೊಟ್ಟರು. ನನ್ನದು ಎಸ್‌ವಿಟಿ, ಅಂದರೆ ಹೃದಯದ ಮೇಲಿನ ಭಾಗದಲ್ಲಿ ವಿದ್ಯುತ್ತು ಅಡ್ಡದಾರಿ ಹಿಡಿದು ಸುತ್ತುವುದು. ಬಡಿತ ನಡೆಯುತ್ತಿರುವಾಗ ಇಸಿಜಿ ತೆಗೆದರೆ ಸಿಗುತ್ತದೆ. ನಿಂತ ಮೇಲೆ ತೆಗೆದರೆ ಬಹಳಷ್ಟು ಜನರಲ್ಲಿ ಪಟ್ಟಿ ಸ್ವಚ್ಛವಾಗಿರುತ್ತದೆ. ಹಾಗಾಗಿ ನಿಮ್ಮ ಎರಡು ಇಸಿಜಿಗಳು ಹೇಳುವುದು ಇಷ್ಟೇ: ಆ ಕೆಲವು ಕ್ಷಣ ಎಲ್ಲ ಸರಿ ಇತ್ತು.

ಒಂದು ಗಮನಿಸಿ. ಬಡಿತ ಸ್ವಿಚ್ ಒತ್ತಿದಂತೆ ಒಮ್ಮೆಲೇ ಶುರುವಾಗಿ ಒಮ್ಮೆಲೇ ನಿಲ್ಲುತ್ತದೆಯೇ, ಇಲ್ಲ ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯುತ್ತದೆಯೇ? ನನ್ನದು ಮೊದಲನೆಯ ಬಗೆ. ಕೊನೆಗೆ ಅದು ಸಿಕ್ಕಿಬಿದ್ದಾಗ ನಿಮಿಷಕ್ಕೆ 188 ಇತ್ತು. ವಾರಕ್ಕೆ ಎರಡೇ ಸಲ ಬರುವುದಾದರೆ 24 ಗಂಟೆ ಬಡಿತ ದಾಖಲಿಸುವ ಹೋಲ್ಟರ್ ಯಂತ್ರ ಸಾಲದು, ಹೆಚ್ಚು ದಿನ ಎದೆಗೆ ಅಂಟಿಸಿಕೊಳ್ಳುವ ಸಾಧನವನ್ನೇ ಕೇಳಿ.

ಉಸಿರುಗಾರ:
ಆತಂಕ ಎಂದರೆ ಅವಮಾನ ಎಂದುಕೊಳ್ಳಬೇಡಿ. ನನಗೆ ನಿಜಕ್ಕೂ ಅದೇ ಆಗಿತ್ತು. ಗಾಬರಿಯಲ್ಲಿ ಉಸಿರು ಜೋರಾದಾಗ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಅದರಿಂದ ನರಗಳಿಗೆ ಒದಗುವ ಕ್ಯಾಲ್ಸಿಯಂ ಕಡಿಮೆಯಾಗಿ ತುಟಿಯ ಸುತ್ತ, ಬೆರಳ ತುದಿಗಳಲ್ಲಿ ಜುಮುಜುಮು ಎನ್ನುತ್ತದೆ. ಅದು ದೇಹದಲ್ಲಿ ನಡೆಯುವ ರಸಾಯನವೇ, ಕಲ್ಪನೆಯಲ್ಲ. ಆದರೆ ಉಸಿರು ತಹಬಂದಿಗೆ ಬಂದ ಮೇಲೆ ಅದೂ ಹೋಗುತ್ತಿತ್ತು. ದಿನವಿಡೀ ಕಾಲಲ್ಲಿ ಕೂರುವ ಜೋಮು ನನ್ನ ಅನುಭವಕ್ಕೆ ಹೊಂದುವುದಿಲ್ಲ.

ನಿವೃತ್ತ ದಾದಿ:
ಮೇಡಂ, ಮೊದಲು ಕಾಯಬಾರದ ಸಂಗತಿ. ಮುಖ ಸೊಟ್ಟಗಾಗುವುದು, ಒಂದೇ ಬದಿಯ ಕೈಕಾಲು ಸೋಲುವುದು, ಮಾತು ತೊದಲುವುದು, ಎದೆಯಿಂದ ಬೆನ್ನಿಗೆ ಸೀಳಿಕೊಂಡು ಹೋಗುವ ಹಠಾತ್ ನೋವು, ಬೆವರಿನೊಡನೆ ಎದೆ ಹಿಂಡುವುದು, ಎಚ್ಚರ ತಪ್ಪುವುದು. ಇವುಗಳಲ್ಲಿ ಒಂದು ಬಂದರೂ ಇಲ್ಲಿ ಬರೆಯುತ್ತಾ ಕೂರಬೇಡಿ, ನೇರ ತುರ್ತು ಚಿಕಿತ್ಸೆಗೆ ಹೋಗಿ. ಎದೆನೋವಿನ ಜೊತೆ ಕೈಕಾಲು ಸೋತರೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ, ಮಹಾಪಧಮನಿ, ಸೀಳಿರಲೂಬಹುದು.

ಇನ್ನು ನೀವು ಸಣ್ಣದೆಂದು ಕೊನೆಯಲ್ಲಿ ಸೇರಿಸಿದ ಸಾಲು. ನಾನಾಗಿದ್ದರೆ ಅದನ್ನೇ ಮೊದಲು ಬರೆಯುತ್ತಿದ್ದೆ. ಪಾದ ಎಲ್ಲಿದೆ ಎಂಬ ಸುದ್ದಿಯನ್ನು ಮೆದುಳಿಗೆ ಒಯ್ಯುವ ನರತಂತುಗಳು ಬೆನ್ನುಹುರಿಯ ಹಿಂಭಾಗದಲ್ಲಿವೆ. ಅವು ಸೊರಗಿದರೆ ಕಣ್ಣು ಆ ಕೆಲಸ ಮಾಡುತ್ತದೆ. ಕಣ್ಣು ಮುಚ್ಚಿದೊಡನೆ ಸುದ್ದಿ ತಪ್ಪಿ ಮೈ ವಾಲುತ್ತದೆ. ಕಾಲು ಜೋಡಿಸಿ ನಿಲ್ಲಿಸಿ, ಕಣ್ಣು ಮುಚ್ಚಿಸಿ ನೋಡುವ ರೊಂಬರ್ಗ್ ಪರೀಕ್ಷೆಗೆ ಯಂತ್ರವೇ ಬೇಡ, ಒಂದು ನಿಮಿಷ ಸಾಕು. ನಿಮ್ಮನ್ನು ನೋಡಿದ ಮೂವರು ವೈದ್ಯರಲ್ಲಿ ಯಾರಾದರೂ ಅದನ್ನು ಮಾಡಿದರೇ? ಮೆದುಳಿನ ಎಂಆರ್‌ಐ ಬೆನ್ನುಹುರಿಯನ್ನು ತೋರಿಸುವುದಿಲ್ಲ.

ವಿಟಮಿನ್ ಬಿ12 ನೋಡಿಸಿದ್ದೀರಾ? ಹಿಮೋಗ್ಲೋಬಿನ್ ಸರಿಯಿದೆ ಎಂದು ಕೆಲವರು ಅದನ್ನು ಬಿಟ್ಟುಬಿಡುತ್ತಾರೆ. ರಕ್ತಹೀನತೆ ಇಲ್ಲದೆಯೂ ಬಿ12 ಕೊರತೆ ನರಗಳನ್ನು ಕೆಡಿಸಬಲ್ಲದು ಎಂದು 1988ರಲ್ಲೇ ಅಧ್ಯಯನ ಪ್ರಕಟವಾಗಿದೆ. ಮಾತ್ರೆಯನ್ನೋ ಚುಚ್ಚುಮದ್ದನ್ನೋ ಶುರುಮಾಡುವ ಮೊದಲೇ ರಕ್ತ ಕೊಡಿ, ಇಲ್ಲದಿದ್ದರೆ ಅಂಕಿ ಮೋಸ ಮಾಡುತ್ತದೆ. ಕೊನೆಯದಾಗಿ, ನೀವು ನುಂಗುವ ಪ್ರತಿಯೊಂದು ಮಾತ್ರೆಯ ಹೆಸರು ಹೇಳಿ, "ಅದೇನು ಔಷಧಿಯಾ" ಎಂದುಕೊಳ್ಳುವಂಥದ್ದನ್ನೂ.

ಸೀಮೆಸುಣ್ಣ:
ಯಾರೂ ಆ ಪರೀಕ್ಷೆ ಮಾಡಲಿಲ್ಲ. ಬಿ12 ನೋಡಿಸಿಲ್ಲ. ಮಾತ್ರೆ ಒಂದಿದೆ: ಎದೆಯುರಿಗೆಂದು ದಿನಾ ಬೆಳಿಗ್ಗೆ ಒಮೆಪ್ರಜೋಲ್, ಮೂರು ವರ್ಷದಿಂದ. ಅದನ್ನು ನಾನು ಔಷಧಿ ಎಂದು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ನಿವೃತ್ತ ದಾದಿ:
ಅದಕ್ಕೇ ಕೇಳಿದ್ದು. ಆ ಮಾತ್ರೆ ಹೊಟ್ಟೆಯ ಆಮ್ಲವನ್ನು ತಗ್ಗಿಸುತ್ತದೆ, ಆಮ್ಲ ಕಡಿಮೆಯಾದರೆ ಆಹಾರದಿಂದ ಬಿ12 ಬಿಡಿಸಿಕೊಳ್ಳುವುದು ಕಷ್ಟ. ಈ ಬಗೆಯ ಮಾತ್ರೆಯನ್ನು ದೀರ್ಘಕಾಲ ತೆಗೆದುಕೊಂಡರೆ ಮೆಗ್ನೀಸಿಯಂ ಇಳಿದು ಹೃದಯದ ಲಯ ತಪ್ಪಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2011ರಲ್ಲೇ ಎಚ್ಚರಿಸಿದೆ. ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಮೆಗ್ನೀಸಿಯಂ ಇರುವುದಿಲ್ಲ, ಬಾಯಿಬಿಟ್ಟು ಕೇಳಬೇಕು. ಆದರೆ ಇದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಮಾತ್ರೆಯನ್ನು ನಾಳೆಯೇ ಬಿಸಾಡಬೇಡಿ, ಉರಿ ದುಪ್ಪಟ್ಟಾಗಿ ಮರಳಬಹುದು. ವೈದ್ಯರೊಡನೆ ಮಾತಾಡಿ.

ಸೀಮೆಸುಣ್ಣ (ಮೂರು ವಾರಗಳ ನಂತರ):
ನಾಲ್ಕನೆಯ ವೈದ್ಯರು ಕಣ್ಣು ಮುಚ್ಚಿಸಿ ನಿಲ್ಲಿಸಿದರು. ಬೀಳುವ ಮೊದಲೇ ಹಿಡಿದುಕೊಂಡರು. ಕಂಪಿಸುವ ಕವೆಯನ್ನು ಕಾಲಿನ ಹೆಬ್ಬೆರಳಿಗೆ ಒತ್ತಿ "ನಿಂತಾಗ ಹೇಳಿ" ಎಂದರು. ಅದು ಶುರುವಾದದ್ದೇ ನನಗೆ ತಿಳಿದಿರಲಿಲ್ಲ. ಬಿ12 138 ಬಂತು, 200ಕ್ಕಿಂತ ಕೆಳಗಿದ್ದರೆ ಕೊರತೆಯಂತೆ. ಹಿಮೋಗ್ಲೋಬಿನ್ 12.9, ಅದು ಸಹಜವೇ. ಚುಚ್ಚುಮದ್ದು ಶುರುವಾಗಿದೆ, ಎದೆಯುರಿಯ ಮಾತ್ರೆಯನ್ನು ಹಂತಹಂತವಾಗಿ ಇಳಿಸುತ್ತಿದ್ದಾರೆ. ನರ ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕಂತೆ, ಪೂರ್ತಿ ಸರಿಹೋಗುತ್ತದೆಂದು ಮಾತು ಕೊಡಲಿಲ್ಲ. ನಿನ್ನೆ ಸ್ನಾನದ ಮನೆಯ ನೆಲ ತಣ್ಣಗಿದೆ ಎಂದು ಅಂಗಾಲಿಗೆ ತಿಳಿಯಿತು, ಅಷ್ಟು ಸಾಕೆನಿಸಿತು.

ಮೆಗ್ನೀಸಿಯಂ ಮಾತ್ರ ಸರಿಯಾಗಿಯೇ ಇದೆ. ಹಾಗಾಗಿ ಎದೆಯ ಲೆಕ್ಕ ಇನ್ನೂ ಬಗೆಹರಿದಿಲ್ಲ. ಬಡಿತ ಸ್ವಿಚ್ ಒತ್ತಿದಂತೆಯೇ ಶುರುವಾಗುತ್ತದೆ ಎಂದು ಹೇಳಿದ ಮೇಲೆ 14 ದಿನದ ಪಟ್ಟಿ ಅಂಟಿಸಿದ್ದಾರೆ. ಇವತ್ತು ಆರನೆಯ ದಿನ. ಮಧ್ಯಾಹ್ನ 2.40ಕ್ಕೆ ಮೆಟ್ಟಿಲ ಮೇಲೆ ಮೀನು ಹೊರಳಿತು. ಗುಂಡಿ ಒತ್ತಿ, ಚೀಟಿಯಲ್ಲಿ ಗಂಟೆ ಬರೆದು, ತರಗತಿಗೆ ಹೋದೆ.