ಸೀತನಿಯ ಕೆಂಡ ಮತ್ತು ಗೈರುಹಾಜರಾದ ಚುಕ್ಕಿ

ವಿಜಯಪುರದ ಹೊರವಲಯದಲ್ಲಿರುವ ಗೌಡರ ಹೊಲಕ್ಕೆ ಸೀತನಿ ತಿನ್ನಲು ಹೋಗಿದ್ದ ನಮಗೆ ಕತ್ತಲಾದರೂ ಮನೆಯ ನೆನಪಾಗಿರಲಿಲ್ಲ. ಕುಳ್ಳಿನ ಬೆಂಕಿಯಲ್ಲಿ ಸುಟ್ಟ ಎಳೆಯ ತೆನೆಯನ್ನು ಅಂಗೈಯಲ್ಲಿ ತಿಕ್ಕಿ ಹೊಟ್ಟು ಊದುತ್ತಿದ್ದ ವಿಜ್ಞಾನದ ಮಾಸ್ತರರು ನೆತ್ತಿಯಿಂದ ತುಸು ನೈಋತ್ಯಕ್ಕೆ ಕೈಮಾಡಿ, "ಅಲ್ಲಿ ಮೀರಾ ಎಂಬ ಕೆಂಪು ದೈತ್ಯ ನಕ್ಷತ್ರವಿದೆ" ಎಂದರು.

"ಅಲ್ಲೇನೂ ಕಾಣುವುದಿಲ್ಲವಲ್ಲ, ಮಾಸ್ತರರೇ! ಗೈರುಹಾಜರಾದ ಆರೋಪಿಯ ಪರವಾಗಿ ವಕಾಲತ್ತು ಹಾಕಿದ್ದೀರಾ?" ಎಂದು ವಕೀಲರು ಕೇಳಿದರು. ಗೌಡರಾದರೋ ಮೀರಾಬಾಯಿಯನ್ನು ನೆನೆದು ಆಗಲೇ ಕೈಮುಗಿದಿದ್ದರು. ಅದು 'ಅದ್ಭುತ' ಎಂಬರ್ಥದ ಲ್ಯಾಟಿನ್ ಪದವೆಂದೂ, 1662ರಲ್ಲಿ ಖಗೋಳಜ್ಞ ಹೆವೆಲಿಯಸ್ ಇಟ್ಟ ಹೆಸರೆಂದೂ ಮಾಸ್ತರರು ತಿಳಿಸಿದ ಮೇಲೂ ಅವರು ಮುಗಿದ ಕೈಯನ್ನು ಬಿಡಿಸಲಿಲ್ಲ.

1596ರಲ್ಲಿ ಇದನ್ನು ಗುರುತಿಸಿದ ಪಾದ್ರಿ ಫ್ಯಾಬ್ರೀಸಿಯಸ್, ಕೆಲವೇ ವಾರಗಳಲ್ಲಿ ಅದು ಮಾಯವಾದಾಗ ಕಥೆ ಮುಗಿಯಿತೆಂದುಕೊಂಡನಂತೆ. 1609ರಲ್ಲಿ ಅದು ಮತ್ತೆ ಕಣ್ಣಿಗೆ ಬಿತ್ತು. ಹೆಬ್ಬಾತು ಕದ್ದವನ ವಿಷಯವನ್ನು ಚರ್ಚಿನಲ್ಲಿ ಬಯಲಿಗೆಳೆಯಲು ಹೋಗಿ ರೈತನೊಬ್ಬನ ಸಲಿಕೆಯೇಟಿಗೆ ಈ ಪಾದ್ರಿ 1617ರಲ್ಲಿ ಸತ್ತನೆಂದು ಕೇಳಿದ ಗೌಡರು, ಬದಿಯಲ್ಲಿದ್ದ ತಮ್ಮ ಸಲಿಕೆಯನ್ನು ಮೆಲ್ಲನೆ ಹಿಂದಕ್ಕೆ ಸರಿಸಿದರು.

"ಬಂದು ಹೋಗುವುದಕ್ಕೆ ಕಾರಣ ಬೇಕಲ್ಲ?" ಎಂದು ವಕೀಲರು ಪಟ್ಟು ಹಿಡಿದರು.

"ಹಂಚಿನ ಮೇಲಿನ ರೊಟ್ಟಿಯನ್ನು ನೋಡಿದ್ದೀರಲ್ಲ, ಒಳಗೆ ಸಿಕ್ಕಿಕೊಂಡ ಹಬೆ ಅದನ್ನು ಉಬ್ಬಿಸುತ್ತದೆ, ತೂತು ಬಿದ್ದೊಡನೆ ರೊಟ್ಟಿ ಕುಸಿಯುತ್ತದೆ. ಇಲ್ಲಿಯೂ ಜಲಜನಕದ ಒಂದು ಪದರ ಕುಗ್ಗಿದಾಗ ಒಳಗಿನ ಶಾಖವನ್ನು ತಡೆಹಿಡಿದು ಮೇಲಿನದನ್ನೆಲ್ಲ ಹೊರಗೆ ನೂಕುತ್ತದೆ, ಹಿಗ್ಗಿದಾಗ ಶಾಖವನ್ನು ಸೋರಿಬಿಟ್ಟು ತನ್ನ ಭಾರಕ್ಕೆ ತಾನೇ ಒಳಗೆ ಕುಸಿಯುತ್ತದೆ. ಒಂದು ಸುತ್ತಿಗೆ ಸುಮಾರು 332 ದಿನ."

"ಹಾಗಾದರೆ ಪೂರ್ತಿ ಉಬ್ಬಿದಾಗಲೇ ಹೆಚ್ಚು ಬೆಳಗಬೇಕು" ಎಂದು ವಕೀಲರು ಗೆದ್ದವರಂತೆ ಮೀಸೆ ತಿರುವಿದರು.

ಮಾಸ್ತರರು ಕೋಲಿನಿಂದ ಕೆಂಡವನ್ನು ಕೆದಕಿದರು. ಬೂದಿ ಉದುರಿ ಕೆಂಪು ಹೊಳೆಯಿತು, ತುಸು ಹೊತ್ತಿಗೆ ಮತ್ತೆ ಬೂದಿ ಮುಚ್ಚಿತು. ಸೂರ್ಯನ ಮೇಲ್ಮೈಯ ಉಷ್ಣತೆ ಸುಮಾರು 5,800 ಕೆಲ್ವಿನ್ ಇದ್ದರೆ ಮೀರಾದ್ದು 3,000ದ ಆಸುಪಾಸಿನಲ್ಲಿದ್ದು, ಉಬ್ಬಿದಾಗ ಇನ್ನಷ್ಟು ತಣಿಯುತ್ತದೆ. ಆಗ ಗೋಡೆಯ ಬಿಳಿ ಬಣ್ಣಕ್ಕೆ ಹಾಕುವ ವಸ್ತುವಿನ ಹತ್ತಿರದ ನೆಂಟನಾದ ಟೈಟೇನಿಯಂ ಆಕ್ಸೈಡಿನ ಅಣುಗಳು ಹೆಚ್ಚಾಗಿ, ಕಣ್ಣಿಗೆ ಕಾಣುವ ಬೆಳಕನ್ನು ಪರದೆಯಂತೆ ತಡೆಯುತ್ತವೆ. ನಮಗೆ ಕಾಣುವ ಬೆಳಕು ನೂರಾರು ಪಟ್ಟು ಇಳಿದರೂ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಲ್ಲಿ ಅಷ್ಟು ಏರಿಳಿತವಿರುವುದಿಲ್ಲ.

ಮೀರಾವನ್ನು ಸೂರ್ಯನ ಜಾಗದಲ್ಲಿಟ್ಟರೆ ಭೂಮಿಯ ಕಕ್ಷೆಯನ್ನೂ ನುಂಗೀತು, ಆದರೆ ಅದರ ತೂಕ ಸೂರ್ಯನಿಗಿಂತ ಬಹಳ ಹೆಚ್ಚಲ್ಲ ಎಂದಾಗ ಎಲ್ಲರ ಕಣ್ಣೂ ಗೌಡರ ಹೊಟ್ಟೆಯ ಮೇಲೆ ಹೋಯಿತು. "ನಾನು ತೂಕದಲ್ಲಿಯೂ ಕಡಿಮೆಯಿಲ್ಲ" ಎಂದು ಅವರು ಇನ್ನೊಂದು ಹಿಡಿ ಸೀತನಿಗೆ ಬೆಲ್ಲ ಬೆರೆಸಿದರು.

ವಕೀಲರು ಡೈರಿ ತೆರೆದು ಮುಂದಿನ ತಾರೀಖನ್ನು ಕೇಳಿದರು. ಪ್ರತಿ ಸುತ್ತೂ ಹಿಂದಿನ ವರ್ಷದ ತಾರೀಖಿಗಿಂತ ಸುಮಾರು 33 ದಿನ ಮುಂಚಿತವಾಗಿ ಬರುತ್ತದೆ, ಹೊಂದಿಸಲು ಅಧಿಕಮಾಸವೂ ಇಲ್ಲ, ಕೆಲವು ವರ್ಷ ಸರಿಯಾಗಿ ಬೆಳಗುವ ಹೊತ್ತಿಗೆ ಸೂರ್ಯನೇ ಪಕ್ಕದಲ್ಲಿ ಕುಳಿತು ಕಾಣಗೊಡುವುದಿಲ್ಲ ಎಂದು ಮಾಸ್ತರರು ವಿವರಿಸಿದರು. "ಅಂದರೆ ಕರೆದಾಗ ಬರುವುದಿಲ್ಲ, ಬಂದಾಗ ನ್ಯಾಯಾಲಯಕ್ಕೆ ರಜೆ" ಎಂದು ವಕೀಲರು ಡೈರಿ ಮುಚ್ಚಿ, ಕಕ್ಷಿದಾರನನ್ನು ಗುರುತು ಹಿಡಿದವರಂತೆ ಮೇಲಕ್ಕೆ ನೋಡುತ್ತ ಕುಳಿತರು.